ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ!

ಸಂಘ, ಶಾಲೆ, ಅಂಗಡಿ, ಆಸ್ಪತ್ರೆ... ಎಲ್ಲ ಕಡೆ ಈಗ ಕಂಪ್ಯೂಟರ್ ಜಾಲ. ಅದರ ಕೀಲಿಕೈ ಯಾರ ಬಳಿ ಇದೆ ಎಂದು ನೀವು ಎಂದಾದರೂ ಕೇಳಿದ್ದೀರಾ?

ರಜೆಗೆಂದು ತವರಿಗೆ ಹೋಗಿದ್ದೀರಿ. ಅಪ್ಪನ ಹೊಲದ ಉತಾರ ಬೇಕಾಗಿದೆ. ಬಿಸಿಲಲ್ಲಿ ಬಸ್ಸು ಹಿಡಿದು ನವಲಗುಂದಕ್ಕೋ ಕಲಘಟಗಿಗೋ ಹೋಗಿ ಸರದಿಯಲ್ಲಿ ನಿಂತಿದ್ದೀರಿ. ಇನ್ನೇನು ನಿಮ್ಮ ಪಾಳಿ ಬಂತು ಅನ್ನುವಷ್ಟರಲ್ಲಿ ಕಿಟಕಿಯ ಆಚೆಯಿಂದ ಮಾತು ಬರುತ್ತದೆ: "ಅಕ್ಕಾರ, ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ."

ನಿಮಗೇನೋ ಒಂದು ದಿನ ಹಾಳಾಯಿತು ಅಷ್ಟೇ. ಆದರೆ ನಿಮ್ಮ ಹಿಂದೆ ನಿಂತ, ಕೂಲಿ ಬಿಟ್ಟು ಬಂದ ಆ ತಾಯಿಗೆ ಒಂದು ದಿನದ ದುಡಿಮೆಯೇ ಹೋಯಿತಲ್ಲ! ಸರ್ವರ್ ಎಂದರೆ ಏನು, ಅದು ಎಲ್ಲಿದೆ, ಯಾಕೆ 'ಡೌನ್' ಆಯಿತು? ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ. "ಅದೆಲ್ಲಾ ಕಂಪ್ಯೂಟರ್ ಹುಡುಗರಿಗೆ ಗೊತ್ತು ಬಿಡ್ರಿ" ಎಂದು ನಾವೂ ಸುಮ್ಮನಾಗುತ್ತೇವೆ.

ಹಾಗೆ ಸುಮ್ಮನಾಗಬೇಡಿ. ನಿಮ್ಮಲ್ಲಿ ಎಷ್ಟೋ ಜನ ಮಹಿಳಾ ಸಂಘದ ಪದಾಧಿಕಾರಿಗಳು, ಶಾಲೆಯ ಪಾಲಕರ ಸಮಿತಿಯಲ್ಲಿ ಇರುವವರು, ಮನೆಯವರ ಅಂಗಡಿಯ ಲೆಕ್ಕ ನೋಡುವವರು. ನಾಲ್ಕೇ ಕಂಪ್ಯೂಟರ್ ಇರಲಿ, ಅವು ಒಂದಕ್ಕೊಂದು ಕೂಡಿದವು ಎಂದರೆ ಅದೊಂದು ಜಾಲ. ಅದನ್ನು ನಡೆಸುವುದಕ್ಕೂ ಮನೆ ನಡೆಸುವುದಕ್ಕೂ ಅಂಥ ವ್ಯತ್ಯಾಸವಿಲ್ಲ ಎಂದರೆ ನಂಬುತ್ತೀರಾ?

ವಾಲ್ವ್‌ಮನ್ ಗೊತ್ತಲ್ಲ?

ಹುಬ್ಬಳ್ಳಿ-ಧಾರವಾಡದವರಿಗೆ ನಳದ ನೀರಿನ ಕಥೆ ಹೇಳಬೇಕಿಲ್ಲ. ಸವದತ್ತಿಯ ಹತ್ತಿರ ಮಲಪ್ರಭೆಯ ಜಲಾಶಯ, ಅಲ್ಲಿಂದ ದೊಡ್ಡ ಪೈಪು, ಊರಿನ ಟಾಕಿ, ಓಣಿಯ ವಾಲ್ವು, ಕೊನೆಗೆ ನಮ್ಮ ಮನೆಯ ನಳ. ನೀರು ಬಾರದಿದ್ದರೆ ಜಲಾಶಯ ಬತ್ತಿದೆ ಎಂದು ಅರ್ಥವಲ್ಲ. ನಡುವೆ ಎಲ್ಲೋ ಪೈಪು ಒಡೆದಿರಬಹುದು, ವಾಲ್ವ್‌ಮನ್ ಬಂದಿರಲಿಕ್ಕಿಲ್ಲ, ನಮ್ಮ ನಳವೇ ಕಟ್ಟಿರಬಹುದು.

ಕಂಪ್ಯೂಟರ್ ಜಾಲವೂ ಹೀಗೆಯೇ. ಸರ್ವರ್ ಎಂದರೆ ಮಾಹಿತಿ ಕೂಡಿಟ್ಟ ಜಲಾಶಯ. ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಒಂದೆಡೆ ಕೂಡಿಸುವ ಪೆಟ್ಟಿಗೆ ಸ್ವಿಚ್. ಒಳಗಿನ ಜಾಲವನ್ನು ಹೊರಗಿನ ಲೋಕಕ್ಕೆ ಜೋಡಿಸುವುದು ರೂಟರ್. ಅಲ್ಲಿಂದ ಮುಂದೆ ಕೇಬಲ್ಲು, ಟವರು. ಇವುಗಳಲ್ಲಿ ಯಾವುದು ಕೈಕೊಟ್ಟರೂ ಕಿಟಕಿಯಲ್ಲಿ ಕೇಳುವುದು ಒಂದೇ ಮಾತು – ಸರ್ವರ್ ಡೌನ್!

ಮುಂದಿನ ಸಲ ಈ ಮಾತು ಕೇಳಿದಾಗ ಸಮಾಧಾನದಿಂದ ಎರಡು ಪ್ರಶ್ನೆ ಕೇಳಿ. ಒಂದು, "ಪಕ್ಕದ ಕಂಪ್ಯೂಟರಿನಾಗೂ ಹಿಂಗ ಐತೇನ್ರಿ?" ಪಕ್ಕದ್ದು ನಡೆಯುತ್ತಿದ್ದರೆ ದೋಷ ಈ ಒಂದೇ ಕಂಪ್ಯೂಟರಿನದು, ಅಥವಾ ಅದರ ತಂತಿಯದು. ಎರಡು, "ಬೇರೆ ತಾಣಗಳು ತೆರೀತಾವೇನ್ರಿ?" ಬೇರೆಯವು ತೆರೆಯುತ್ತಿದ್ದರೆ ಇಲ್ಲಿಯ ಲೈನು ಸರಿ ಇದೆ, ದೋಷ ಬಹುಮಟ್ಟಿಗೆ ಆ ಕಡೆಯದು. ಏನೂ ತೆರೆಯದಿದ್ದರೆ ಇಲ್ಲಿಯ ಲೈನೇ ಹೋಗಿದೆ. ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ನಾಳೆ ಬರಬೇಕೋ, ಚಹಾ ಕುಡಿದು ಅರ್ಧ ತಾಸಿಗೆ ಬರಬೇಕೋ ಎಂದು ನಿಮಗೇ ತಿಳಿಯುತ್ತದೆ.

ಉತಾರದ ಜಾಲ ಹೆಣೆದ ಬಗೆ

ಜಾಲವನ್ನು ಹೇಗೆ ನಡೆಸಬೇಕು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ರಾಜ್ಯದ 'ಭೂಮಿ' ಯೋಜನೆಯನ್ನೇ ನೋಡಿ. 2000ದ ದಶಕದ ಆರಂಭದಲ್ಲಿ 177 ತಾಲ್ಲೂಕುಗಳ, ಸುಮಾರು 67 ಲಕ್ಷ ರೈತರ 2 ಕೋಟಿ ಭೂ ದಾಖಲೆಗಳು ಕಂಪ್ಯೂಟರಿಗೆ ಏರಿದವು. ಅಲ್ಲಿಯವರೆಗೆ ಉತಾರ ಬೇಕೆಂದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯಬೇಕಿತ್ತು. ಆಮೇಲೆ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲೇ ಅಚ್ಚಾದ ಪ್ರತಿ ಸಿಗತೊಡಗಿತು. ಅಣ್ಣಿಗೇರಿಯವರು ಅದಕ್ಕೂ ನವಲಗುಂದಕ್ಕೇ ಹೋಗಬೇಕಿತ್ತು. ಅಣ್ಣಿಗೇರಿ ಬೇರೆ ತಾಲ್ಲೂಕಾಗಿದ್ದು 2018ರಲ್ಲಿ.

ಆಗ ಸರ್ವರ್ ಇದ್ದದ್ದು ಆಯಾ ತಾಲ್ಲೂಕು ಕಚೇರಿಯಲ್ಲೇ. ಅಂದರೆ ಊರಿಗೊಂದು ಬಾವಿ ಇದ್ದ ಹಾಗೆ. ಕಲಘಟಗಿಯ ಬಾವಿ ಕೆಟ್ಟರೆ ಕುಂದಗೋಳಕ್ಕೆ ತೊಂದರೆಯಿಲ್ಲ. ಆದರೆ ಕುಂದಗೋಳದ ಉತಾರ ಕಲಘಟಗಿಯಲ್ಲಿ ಸಿಗುತ್ತಲೂ ಇರಲಿಲ್ಲ. ಮುಂದೆ ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಹಾಯ್ದ 'ಕೇಸ್ವಾನ್' ಎಂಬ ಸರ್ಕಾರಿ ಜಾಲ ಬಂತು. ದಾಖಲೆಗಳು ಬೆಂಗಳೂರಿನ ದತ್ತಾಂಶ ಕೇಂದ್ರ ಸೇರಿದವು. 2012ರಲ್ಲಿ ನಾಡಕಚೇರಿಗಳ ಅಟಲ್‌ಜೀ ಜನಸ್ನೇಹಿ ಕೇಂದ್ರ, 2022ರಲ್ಲಿ ಗ್ರಾಮ ಒನ್. ಈಗ ಯಾವ ಊರಿನ ಉತಾರವಾದರೂ ಎಲ್ಲಿಂದಲಾದರೂ ತೆಗೆಯಬಹುದು. ಅನುಕೂಲ ದೊಡ್ಡದು. ಆದರೆ ಬಾವಿ ಹೋಗಿ ಜಲಾಶಯ ಬಂದಿದೆ ನೋಡಿ! ನಡುವಿನ ದಾರಿ ಉದ್ದವಾಯಿತು. ರಸ್ತೆ ಅಗೆಯುವ ಜೆಸಿಬಿ ಎಲ್ಲೋ ಕೇಬಲ್ ಕತ್ತರಿಸಿದರೆ ಇಲ್ಲಿ ಸರದಿ ನಿಲ್ಲುತ್ತದೆ.

ಗೃಹಿಣಿಯರಾದ ನಾವು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 'ಭೂಮಿ'ಯಲ್ಲಿ ದಾಖಲೆ ತಿದ್ದುವ ಅಧಿಕಾರ ಕಂಪ್ಯೂಟರ್ ಮುಂದೆ ಕೂತ ಎಲ್ಲರಿಗೂ ಇರಲಿಲ್ಲ. ಬರೀ ಪಾಸ್‌ವರ್ಡ್ ಸಾಲದೆಂದು ಸಿಬ್ಬಂದಿ ತಮ್ಮ ಬೆರಳ ಗುರುತು ಕೊಟ್ಟು ಒಳಗೆ ಹೋಗಬೇಕಿತ್ತು. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ದಾಖಲಾಗುತ್ತಿತ್ತು. ನಾಳೆ "ನಾನು ಮಾಡಿಲ್ಲ" ಎನ್ನುವ ಹಾಗಿಲ್ಲ! ಕಿಟಕಿಯಲ್ಲಿ ಇನ್ನೊಂದು ಪರದೆಯನ್ನು ರೈತರ ಕಡೆಗೇ ತಿರುಗಿಸಿ ಇಟ್ಟಿದ್ದರು. ತನ್ನ ಹೊಲದ ಬಗ್ಗೆ ಒಳಗೆ ಏನು ಟೈಪಾಗುತ್ತಿದೆ ಎಂದು ಆತನೇ ನೋಡಬಹುದಿತ್ತು. ಯಾರಿಗೆ ಯಾವ ಕೋಣೆಯ ಕೀಲಿ, ಯಾರು ಯಾವಾಗ ಒಳಗೆ ಹೋದರು – ಜಾಲ ನಡೆಸುವುದರ ತಿರುಳು ಇಷ್ಟೇ.

"ಯಾರೂ ಕೇಳಲೇ ಇಲ್ರಿ"

ಈ ತಿರುಳು ಮರೆತರೆ ಏನಾಗುತ್ತದೆ? ನನ್ನ ಮೌಶಿ ಕುಂದಗೋಳ ತಾಲ್ಲೂಕಿನ ಒಂದು ಸಣ್ಣ ಮಹಿಳಾ ಪತ್ತಿನ ಸಂಘದಲ್ಲಿ ನಿರ್ದೇಶಕಿ. ನಾಲ್ಕು ಕಂಪ್ಯೂಟರು, ಒಂದು ಪ್ರಿಂಟರು, ಎಲ್ಲವನ್ನೂ ನೋಡಿಕೊಳ್ಳಲು ಒಬ್ಬ ಹುಡುಗ. ತಂತಿ ಎಳೆದವನೂ ಅವನೇ, ಪಾಸ್‌ವರ್ಡ್ ಇಟ್ಟವನೂ ಅವನೇ. ನಿರ್ದೇಶಕಿಯರೆಲ್ಲ "ನಮ್ಮ ಹುಡುಗ ಭಾರೀ ಶಾಣ್ಯಾ" ಎಂದು ಹೆಮ್ಮೆಪಡುತ್ತಿದ್ದರು.

ಒಂದು ಶ್ರಾವಣದಲ್ಲಿ ಅವನಿಗೆ ಪುಣೆಯಲ್ಲಿ ನೌಕರಿ ಸಿಕ್ಕಿತು, ಹೋದ. ಮರುವಾರವೇ ನಾಗರ ಪಂಚಮಿ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ ಎಂದು ಗೊತ್ತಲ್ಲ? ಮಗಳನ್ನು ಕರೆತರಬೇಕು, ಉಂಡಿ ಕಟ್ಟಬೇಕು, ಸೀರೆ ಕೊಡಬೇಕು. ವರ್ಷವಿಡೀ ಹತ್ತು, ಇಪ್ಪತ್ತು ಎಂದು ಕಟ್ಟಿದ ಉಳಿತಾಯ ತೆಗೆಯಲು ಸದಸ್ಯೆಯರು ಬಂದರು. ಕಂಪ್ಯೂಟರ್ ತೆರೆಯಲೇ ಇಲ್ಲ. ಮುಖ್ಯ ಪಾಸ್‌ವರ್ಡ್ ಒಬ್ಬರಿಗೂ ಗೊತ್ತಿಲ್ಲ. ಹುಡುಗ ಫೋನ್ ನಂಬರ್ ಬದಲಿಸಿದ್ದ.

ಮೂರನೆಯ ದಿನ ವಯಸ್ಸಾದ ಖಜಾಂಚಿ ಒಬ್ಬರು ದಾರಿ ತೋರಿದರು. ಯಾರ ಪಾಸ್‌ಬುಕ್ಕಿನಲ್ಲಿ ಕೈಯಿಂದ ಲೆಕ್ಕ ಬರೆದಿತ್ತೋ ಅವರಿಗೆ ಅದನ್ನೇ ನೋಡಿ ಹಣ ಕೊಟ್ಟರು. "ಕಂಪ್ಯೂಟರ್ ಇದ್ದಮ್ಯಾಲ ಇದೆಲ್ಲಾ ಯಾಕ?" ಎಂದು ಬರೆಸದೇ ಇದ್ದವರು ಬರಿಗೈಲಿ ಹೋದರು. ಐದನೆಯ ದಿನ ಹುಡುಗನ ತಾಯಿಯ ಮೂಲಕ ಅವನು ಸಿಕ್ಕ. ಪಾಸ್‌ವರ್ಡ್ ತಕ್ಷಣ ಹೇಳಿದ. ಅಷ್ಟೊತ್ತಿಗೆ ಪಂಚಮಿ ಮುಗಿದಿತ್ತು. ಮೌಶಿ ಸಿಟ್ಟಿನಿಂದ ಬೈದರೆ ಅವನು ಹೇಳಿದ್ದು ಒಂದೇ ಮಾತು: "ಹೋಗೂಮುಂದ ಯಾರೂ ಕೇಳಲೇ ಇಲ್ರಿ, ಮೌಶಿ."

ನಿಜ ತಾನೆ? ಮನೆಗೆಲಸದವರು ಬಿಟ್ಟುಹೋಗುವಾಗ ಹಿತ್ತಲ ಬಾಗಿಲ ಕೀಲಿ ಕೇಳಿ ಇಸಿದುಕೊಳ್ಳುವ ನಾವು, ಸಂಘದ ಲಕ್ಷಾಂತರ ರೂಪಾಯಿಯ ಲೆಕ್ಕದ ಕೀಲಿ ಕೇಳುವುದನ್ನು ಮರೆಯುತ್ತೇವೆ. ಪೆನ್‌ಡ್ರೈವಿನಲ್ಲಿದ್ದ ಬ್ಯಾಕಪ್ ಎಂಟು ತಿಂಗಳು ಹಳೆಯದು ಎಂದು ಗೊತ್ತಾದದ್ದೂ ಆಮೇಲೆಯೇ! ಕಂಪ್ಯೂಟರೇ ಕೆಟ್ಟಿದ್ದರೆ ಆ ಎಂಟು ತಿಂಗಳ ಲೆಕ್ಕ ಎಲ್ಲಿಂದ ತರುವುದು?

ನೀವೇನು ಮಾಡಬೇಕು?

ಕಂಪ್ಯೂಟರ್ ಕಲಿಯಲೇಬೇಕೆಂದಿಲ್ಲ. ಮುಂದಿನ ಸಭೆಯಲ್ಲಿ ಇವಿಷ್ಟನ್ನು ಕೇಳಿ, ಸಾಕು.

1. ಒಬ್ಬರಿಗೆ ಒಂದೇ ಕೀಲಿ: ಪ್ರತಿಯೊಬ್ಬ ಸಿಬ್ಬಂದಿಗೂ ಬೇರೆ ಬೇರೆ ಹೆಸರು, ಪಾಸ್‌ವರ್ಡ್ ಇರಲಿ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಟ್ಟು ಅದನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸುವುದು, ತಿಜೋರಿಯ ಕೀಲಿಯನ್ನು ಬಾಗಿಲ ಮೊಳೆಗೆ ನೇತುಹಾಕಿದಂತೆ. ಹಣ ಕಟ್ಟಿಸಿಕೊಳ್ಳುವವರಿಗೆ ಸಾಲ ಮಂಜೂರು ಮಾಡುವ ಅಧಿಕಾರ ಬೇಡ. ಕೆಲಸ ಬಿಟ್ಟವರ ಖಾತೆಯನ್ನು ಅದೇ ದಿನ ಮುಚ್ಚಿಸಿ.

2. ಮುಖ್ಯ ಪಾಸ್‌ವರ್ಡ್ ಲಕೋಟೆಯಲ್ಲಿ: ಸರ್ವರ್, ರೂಟರ್, ಲೆಕ್ಕದ ಸಾಫ್ಟ್‌ವೇರ್ – ಮೂರರ ಮುಖ್ಯ ಪಾಸ್‌ವರ್ಡುಗಳನ್ನು ಬರೆಸಿ, ಲಕೋಟೆಗೆ ಅಂಟು ಹಚ್ಚಿ, ಅಂಟಿನ ಮೇಲೆ ಇಬ್ಬರು ಪದಾಧಿಕಾರಿಗಳು ಸಹಿ ಮಾಡಿ ಲಾಕರಿನಲ್ಲಿಡಿ. ಪಾಸ್‌ವರ್ಡ್ ಬದಲಾದಾಗ ಲಕೋಟೆಯೂ ಬದಲಾಗಲಿ.

3. ಬ್ಯಾಕಪ್ ಮೂರು ಪ್ರತಿ: ಉಪ್ಪಿನಕಾಯಿ ಇಡೀ ವರ್ಷಕ್ಕೆ ಬೇಕೆಂದರೆ ಒಂದೇ ಜಾಡಿಯಲ್ಲಿ ಇಡುತ್ತೇವೆಯೇ? ಲೆಕ್ಕವೂ ಹಾಗೆಯೇ. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿ ಇರಲಿ, ಒಂದು ಪ್ರತಿ ಆ ಕಟ್ಟಡದ ಹೊರಗಿರಲಿ. ಬ್ಯಾಕಪ್ ಡಿಸ್ಕನ್ನು ಕಂಪ್ಯೂಟರಿಗೇ ಸಿಕ್ಕಿಸಿಟ್ಟರೆ ವೈರಸ್ ಬಂದಾಗ ಅದೂ ಹಾಳಾಗುತ್ತದೆ. ಕೆಲಸ ಮುಗಿದ ಕೂಡಲೇ ಬಿಚ್ಚಿಡಿ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಯಾರಾದರೂ ಒಬ್ಬ ಸದಸ್ಯೆಯ ಲೆಕ್ಕ ತೆಗೆಸಿ ನೋಡಿ. ತೆರೆದು ನೋಡದ ಬ್ಯಾಕಪ್ ಅನ್ನು ನಂಬಬೇಡಿ.

4. ಅಪ್‌ಡೇಟ್ ತಪ್ಪಿಸಬೇಡಿ: 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬ ಪಿಡುಗು ಸುಮಾರು 150 ದೇಶಗಳಲ್ಲಿ ಕಂಪ್ಯೂಟರುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಕಂಪನಿ ಎರಡು ತಿಂಗಳು ಮೊದಲೇ ಕೊಟ್ಟಿತ್ತು! ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಸಂಘದಲ್ಲಿ ಯಾವುದಿದೆ ಎಂದು ಕೇಳಿ.

5. ಕರೆಂಟು ಮತ್ತು ಸಿಡಿಲು: ಯುಪಿಎಸ್ ಇರುವುದು ಕಂಪ್ಯೂಟರಿಗೆ; ಅದಕ್ಕೆ ನೀರು ಕಾಯಿಸುವ ಕೆಟಲ್ ಸಿಕ್ಕಿಸಬೇಡಿ. ಬೇಸಿಗೆಯ ಗುಡುಗು ಮಳೆಯಲ್ಲಿ ರೂಟರ್ ಸುಡುವುದುಂಟು. ಸಂಜೆ ಬಾಗಿಲು ಹಾಕುವಾಗ ಕರೆಂಟಿನ ತಂತಿ, ಲೈನಿನ ತಂತಿ ಎರಡನ್ನೂ ಬಿಚ್ಚಿಸಿ. ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿಸಿರಬೇಕು. ಬೇಸಿಗೆಯಲ್ಲಿ ನೆಲ ಒಣಗಿ ಬಿರುಕು ಬಿಟ್ಟಾಗ ನೀರು ಹನಿಸಬೇಕು.

6. ವೈಫೈ ಎಲ್ಲರಿಗೂ ಬೇಡ: ರೂಟರ್ ಕೊಂಡಾಗ ಬಂದ ಪಾಸ್‌ವರ್ಡನ್ನು ಮೊದಲು ಬದಲಿಸಿ. ಬಂದವರ ಮೊಬೈಲಿಗೆ ಲೆಕ್ಕದ ಕಂಪ್ಯೂಟರುಗಳಿರುವ ವೈಫೈ ಕೊಡಬೇಡಿ. ಅತಿಥಿಗಳಿಗೆಂದೇ ಬೇರೆ ವೈಫೈ ಮಾಡುವ ಸೌಲಭ್ಯ ಬಹಳಷ್ಟು ರೂಟರುಗಳಲ್ಲಿ ಇರುತ್ತದೆ. ಪಡಸಾಲೆಯೇ ಬೇರೆ, ದೇವರ ಕೋಣೆಯೇ ಬೇರೆ, ಅಲ್ಲವೇ?

7. ಒಂದು ವಹಿ ಇಡಿ: ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಲೈನಿನವರ ನಂಬರ್ ಏನು, ಯಾವ ದಿನ ಏನು ಕೆಟ್ಟಿತು, ಯಾರು ಬಂದು ಏನು ಮಾಡಿದರು – ಎಲ್ಲ ಅದರಲ್ಲಿ ಬರೆಯಲಿ. ತಂತಿಗಳ ತುದಿಗೆ ಚೀಟಿ ಅಂಟಿಸಿ. ಹೊಸಬರು ಬಂದರೆ ಒಂದೇ ದಿನದಲ್ಲಿ ಕೆಲಸ ಹಿಡಿಯುತ್ತಾರೆ.

8. ಫೋನಿನ 'ರಿಪೇರಿಯವರು': "ನಿಮ್ಮ ಸಿಸ್ಟಮ್‌ನಲ್ಲಿ ವೈರಸ್ ಇದೆ, ಈ ಆ್ಯಪ್ ಹಾಕಿಕೊಳ್ಳಿ" ಎಂದು ಅಪರಿಚಿತರು ಫೋನ್ ಮಾಡಿದರೆ ಹಾಕಿಕೊಳ್ಳಲೇಬೇಡಿ. ಹಣ ಹೋಗಿದೆ ಎಂದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಮರಳುವ ಆಸೆ ಕಡಿಮೆ.

ನಿಂತಾಗಲೂ ನಡೆಯಬೇಕು

ಇಷ್ಟೆಲ್ಲ ಮಾಡಿದರೂ ಜಾಲ ಒಮ್ಮೊಮ್ಮೆ ನಿಲ್ಲುತ್ತದೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ದಾಳಿಯಾದಾಗ ಅಂಥ ದೊಡ್ಡ ಆಸ್ಪತ್ರೆಯೂ ದಿನಗಟ್ಟಲೆ ಕೈಬರಹದಲ್ಲಿ ನಡೆಯಿತು. 2024ರ ಜುಲೈ ಕೊನೆಗೆ ಸಣ್ಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಕೊಡುವ ಸಿ-ಎಡ್ಜ್ ಎಂಬ ಕಂಪನಿಗೆ ದಾಳಿಯ ಪೆಟ್ಟು ಬಿದ್ದು, ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಹಣ ಪಾವತಿ ಸ್ವಲ್ಪ ಕಾಲ ನಿಂತೇ ಹೋಗಿತ್ತು. ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನೂ ಜಾಲಕ್ಕೆ ಜೋಡಿಸುವ ಯೋಜನೆಗೆ ಕೇಂದ್ರ ಸಂಪುಟ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಆಗಿನ ಗುರಿ 63,000 ಸಂಘಗಳು. ಅಂದರೆ ಈ ಮಾತು ಇನ್ನು ಪ್ರತಿ ಊರಿನದೂ ಹೌದು.

ಆದ್ದರಿಂದ ಅಚ್ಚು ಮಾಡಿದ ರಸೀದಿ ಪುಸ್ತಕ ಒಂದು ಕಪಾಟಿನಲ್ಲಿರಲಿ. ಪ್ರತಿ ಸಂಜೆ ಅಂದಿನ ಬಾಕಿ ಪಟ್ಟಿಯ ಒಂದು ಪ್ರತಿ ಪ್ರಿಂಟ್ ತೆಗೆಸಿಡಿ. ಸದಸ್ಯೆಯರ ಪಾಸ್‌ಬುಕ್ಕಿನಲ್ಲಿ ತಪ್ಪದೇ ಬರೆಸಿ. ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ.

ಮೌಶಿಯ ಸಂಘದಲ್ಲಿ ಈಗ ಹೊಸ ಹುಡುಗಿ ಬಂದಿದ್ದಾಳೆ. ಲಾಕರಿನಲ್ಲಿ ಲಕೋಟೆ ಇದೆ, ವಹಿಯೂ ಇದೆ. ಪ್ರತಿ ತಿಂಗಳ ಸಭೆಯಲ್ಲಿ ಚಹಾಕ್ಕಿಂತ ಮೊದಲು ಮೌಶಿ ಕೇಳುವ ಪ್ರಶ್ನೆ, "ಬ್ಯಾಕಪ್ ತೆಗೆದು ನೋಡೀಯೇನವಾ?" ಆಕೆಗೆ ಇಂದಿಗೂ ಕಂಪ್ಯೂಟರ್ ಶುರು ಮಾಡಲು ಬರುವುದಿಲ್ಲ. ಆದರೆ ಕಳೆದ ಪಂಚಮಿಗೆ ಒಬ್ಬ ಸದಸ್ಯೆಯೂ ಬರಿಗೈಲಿ ಮನೆಗೆ ಹೋಗಲಿಲ್ಲ.

ನಿಮ್ಮ ಸಂಘದಲ್ಲಿ ಈ ಪ್ರಶ್ನೆ ಯಾರು ಕೇಳುತ್ತಾರೆ? ಯಾರೂ ಇಲ್ಲದಿದ್ದರೆ, ನೀವೇ ಕೇಳಿ.