ಸೋರುವ ಕೊಳಾಯಿ

ಊರಿಗೆ ನೀರು ಸಾಲದೆಂಬ ಕೂಗು ಎದ್ದಾಗಲೆಲ್ಲ, ಹೊಸ ನೀರನ್ನು ಎಲ್ಲಿಂದ ತರೋಣವೆಂದು ಯೋಚಿಸುವುದು ನಮಗೆ ರೂಢಿ. ಬೆಂಗಳೂರಿನ ಚರಿತ್ರೆಯೇ ಇದಕ್ಕೆ ನಿದರ್ಶನ. 1896ರಲ್ಲಿ ಹೆಸರಘಟ್ಟದ ಕೆರೆಯಿಂದ ಕೊಳಾಯಿಯ ನೀರು ಬಂದಿತು. ಅದು ಸಾಲದೆ ಹೋಗಲು 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. 1974ರಲ್ಲಿ ಕಾವೇರಿಯನ್ನೇ ಕರೆತಂದರು; 2024ರಲ್ಲಿ ಆ ಯೋಜನೆಯ ಐದನೆಯ ಹಂತವೂ ಕಾರ್ಯಾರಂಭ ಮಾಡಿತು. ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ, ವಿದ್ಯುಚ್ಛಕ್ತಿಯ ಬಲದಿಂದ ಏರಿ ಬರತಕ್ಕದ್ದು. ಇಷ್ಟು ಶ್ರಮದಿಂದ ಬಂದದ್ದು ನಮ್ಮ ಬಾಗಿಲ ಬಳಿಯಲ್ಲೇ ನೆಲದ ಪಾಲಾಗುವುದಾದರೆ, ಆ ವಿಷಯವನ್ನು ವಿಚಾರಿಸಬೇಡವೇ?

ಸೋರಿಕೆಯ ಪ್ರಮಾಣವನ್ನು ಕಣ್ಣಳತೆಯಿಂದ ತಿಳಿಯಲಾಗದು. ಕ್ಷಣಕ್ಕೊಂದು ಹನಿ ತೊಟ್ಟಿಕ್ಕುವ ನಲ್ಲಿ ದಿನಕ್ಕೆ ಹಲವು ಲೀಟರುಗಳನ್ನು ಕಳೆಯುತ್ತದೆ. ಆದರೆ 20 ಮೀಟರು ಎತ್ತರದ ನೀರಿನ ಒತ್ತಡವುಳ್ಳ ಕೊಳವೆಯಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಬಿದ್ದರೆ, ಗಣಿತದ ಪ್ರಕಾರ ದಿನವೊಂದಕ್ಕೆ ಸುಮಾರು 7,000 ಲೀಟರು ಹೊರಗೆ ಹರಿದುಹೋಗಬಲ್ಲದು. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರು ಬೇಕೆಂಬುದು ನಮ್ಮ ದೇಶದಲ್ಲಿ ಅಂಗೀಕೃತವಾದ ಅಳತೆ. ಅಂದರೆ ಆ ತೂತು ಐವತ್ತು ಮಂದಿಯ ಪಾಲನ್ನು ಕುಡಿದಂತಾಯಿತು.

ನಷ್ಟಕ್ಕಿಂತಲೂ ಘೋರವಾದುದು ಮತ್ತೊಂದುಂಟು. ನಮ್ಮ ನಗರಗಳ ಅನೇಕ ಬೀದಿಗಳಲ್ಲಿ ನೀರು ಸದಾ ಹರಿಯುವುದಿಲ್ಲ. ಕೆಲವು ಗಂಟೆ ಬಿಟ್ಟು ನಿಲ್ಲಿಸುತ್ತಾರೆ. ನೀರು ಬರುವಾಗ ಒಳಗಿನ ಒತ್ತಡ ಹೊರಗಿನ ಕೊಳೆಯನ್ನು ದೂರವಿಡುತ್ತದೆ. ನಿಂತ ಮೇಲೆ ಕೊಳವೆ ಬರಿದಾಗಿ, ಹೊರಗಿನದನ್ನು ಒಳಕ್ಕೆ ಹೀರುವುದು ಸಾಧ್ಯ. ಪಕ್ಕದಲ್ಲಿ ಚರಂಡಿಯೂ ಸೋರುತ್ತಿದ್ದರೆ, ಮರುದಿನದ ಮೊದಲ ಬಿಂದಿಗೆಯಲ್ಲಿ ವಾಂತಿಭೇದಿಯ, ಕಾಮಾಲೆಯ ಬೀಜವಿರಬಹುದು. ಆದುದರಿಂದ ಮೊದಲು ಬರುವ ನೀರು ಕದಡಿದ್ದರೆ, ಇಲ್ಲವೆ ದುರ್ವಾಸನೆ ಬಂದರೆ, ಅದನ್ನು ಸಂಪಿಗೆ ಬಿಡಕೂಡದು. ಕೂಡಲೇ ದೂರು ಕೊಟ್ಟು, ದೋಷ ಪರಿಹಾರವಾಗುವವರೆಗೆ ಕುಡಿಯುವ ನೀರನ್ನು ಬೇರೆ ಕಡೆಯಿಂದ ತಂದು ಕುದಿಸಿಕೊಳ್ಳಬೇಕು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳು ಸುಲಭ. ಬೀದಿಯಲ್ಲಿ ನೀರು ಬರುತ್ತಿರುವ ಹೊತ್ತಿನಲ್ಲಿ, ಸಂಪಿಗೆ ಹೋಗುವ ನಲ್ಲಿಯನ್ನೂ ನೇರವಾಗಿ ಬೀದಿಯ ನೀರು ಬರುವ ಇತರ ನಲ್ಲಿಗಳನ್ನೂ ಮುಚ್ಚಿ, ಮೀಟರನ್ನು ನೋಡಿರಿ. ಅದು ಆಗಲೂ ತಿರುಗುತ್ತಿದ್ದರೆ, ಮೀಟರಿಗೂ ಆ ನಲ್ಲಿಗಳಿಗೂ ನಡುವೆ ಕೊಳವೆ ಒಡೆದಿದೆಯೆಂದು ಭಾವಿಸಬಹುದು. ರಾತ್ರಿ ಎಲ್ಲವನ್ನೂ ನಿಲ್ಲಿಸಿ ಸಂಪಿನ ಮತ್ತು ಮೇಲಣ ತೊಟ್ಟಿಯ ನೀರಿನ ಮಟ್ಟಕ್ಕೆ ಗುರುತು ಹಾಕಿರಿ. ಬೆಳಗ್ಗೆ ಮಟ್ಟ ಇಳಿದಿದ್ದರೆ ದೋಷ ಅಲ್ಲಿ, ಇಲ್ಲವೆ ಅಲ್ಲಿಂದ ಹೊರಟ ಕೊಳವೆಯಲ್ಲಿ. ಪಾಯಿಖಾನೆಯ ಫ್ಲಷ್ ತೊಟ್ಟಿಗೆ ಬಟ್ಟೆಗೆ ಹಾಕುವ ನೀಲಿಯನ್ನು ಸ್ವಲ್ಪ ಬೆರೆಸಿ, ಅರ್ಧ ಗಂಟೆ ಯಾರೂ ಮುಟ್ಟದಂತೆ ಬಿಡಿರಿ. ಕೆಳಗೆ ಬಣ್ಣ ಕಂಡರೆ ಒಳಗಿನ ರಬ್ಬರು ಸವೆದಿದೆ. ತೊಟ್ಟಿಕ್ಕುವ ನಲ್ಲಿಗೆ ಹೆಚ್ಚಾಗಿ ಬೇಕಾಗುವುದು ಹೊಸ ವಾಷರು ಒಂದೇ. ಬಲವಾಗಿ ತಿರುಗಿಸಿದಷ್ಟೂ ಹಳೆಯದು ಇನ್ನೂ ಹಾಳಾಗುತ್ತದೆ.

ಬೀದಿಯ ಕೆಲಸ ಇಂಜಿನಿಯರುಗಳದು. ನಿಶ್ಶಬ್ದವಾದ ರಾತ್ರಿಯಲ್ಲಿ ಕೊಳವೆಗೆ ಲೋಹದ ಕೋಲನ್ನಿಟ್ಟು ಕಿವಿಗೊಟ್ಟು, ನೀರು ನುಗ್ಗುವ ಸದ್ದನ್ನು ಗುರುತಿಸುವುದು ಹಳೆಯ ಪದ್ಧತಿ. ಈಗ ಎರಡು ಕಡೆ ಯಂತ್ರಗಳನ್ನಿಟ್ಟು, ಸದ್ದು ಒಂದೊಂದನ್ನು ಮುಟ್ಟಿದ ಕಾಲದ ಅಂತರದಿಂದ ತೂತಿನ ಸ್ಥಳವನ್ನು ಲೆಕ್ಕ ಹಾಕುತ್ತಾರೆ. ಆದರೂ ಬೇಸಗೆಯಲ್ಲಿ ಒಣಗದ ರಸ್ತೆಯನ್ನು, ಕಾರಣವಿಲ್ಲದೆ ಹಸಿರಾದ ಹುಲ್ಲನ್ನು ಮೊದಲು ಕಾಣುವವರು ಆ ಬೀದಿಯ ನಿವಾಸಿಗಳೇ. ನೆರೆಮನೆಯವರು ಹೇಳಿಯಾರೆಂದು ಪ್ರತಿಯೊಬ್ಬರೂ ಸುಮ್ಮನಿದ್ದರೆ ಯಾರೂ ಹೇಳಿದಂತಾಗುವುದಿಲ್ಲ. ಬೆಂಗಳೂರಿನಲ್ಲಿ ಜಲಮಂಡಳಿಯ ದೂರವಾಣಿ 1916. ಸ್ಥಳದ ಗುರುತನ್ನು ಸ್ಪಷ್ಟವಾಗಿ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ದುರಸ್ತಿಯಾಗುವವರೆಗೂ ಬಿಡದೆ ವಿಚಾರಿಸುವುದು ಪೌರರಾದ ನಮ್ಮ ಕರ್ತವ್ಯ.