ಮೊನೆಗೊಂದು ಹದ, ಬೆನ್ನಿಗೊಂದು ಹದ

ಬೇಲೂರಿನ ಚೆನ್ನಕೇಶವ ದೇಗುಲ ಪ್ರತಿಷ್ಠೆಯಾದದ್ದು 1117ರಲ್ಲಿ. ಅಲ್ಲಿನ ಮದನಿಕೆಯರ ಸರ, ಬಳೆಗಳ ಸಂದಿನಲ್ಲಿ ಉಳಿ ನುಸುಳಿ ಬಂದಿರುವುದನ್ನು ಕಂಡು ಬೆರಗಾಗದವರಿಲ್ಲ. ಆ ಉಳಿಯನ್ನು ಯಾರು ಬಡಿದು ಕೊಟ್ಟರು ಎಂದು ಕೇಳುವವರು ಮಾತ್ರ ಕಡಿಮೆ. ಹಳೇಬೀಡಿನ ಹೊಯ್ಸಳೇಶ್ವರ, ಅರಸೀಕೆರೆಯ ಈಶ್ವರ ಗುಡಿಗಳದ್ದೂ ಅದೇ ಬಳಪದ ಕಲ್ಲು. ಮೆದು ಕಲ್ಲು, ನಿಜ. ಆದರೂ ಬೆಳಗಿನಿಂದ ಸಂಜೆಯವರೆಗೆ ಏಟು ತಿಂದರೆ ಎಂಥ ಮೊನೆಯೂ ಮೊಂಡಾಗುತ್ತದೆ. ಶಿಲ್ಪಿಯ ಕೆಲಸ ಸಾಗಬೇಕಾದರೆ ಹತ್ತಿರದಲ್ಲೊಂದು ಕುಲುಮೆ ಇರಲೇಬೇಕು.

ಮೊದಲ ಮಾತು ಕಬ್ಬಿಣದ್ದು. ಉಳಿ, ಮಚ್ಚುಗಳಿಗೆ ಎಲ್ಲ ಕಬ್ಬಿಣವೂ ಆಗುವುದಿಲ್ಲ. ಮನೆ ಕಟ್ಟುವ ಸರಳಿನಲ್ಲಿ ಇಂಗಾಲ ಕಡಿಮೆ. ಎಷ್ಟು ಕಾಸಿ ನೀರಿಗೆ ಅದ್ದಿದರೂ ಅದರಲ್ಲಿ ಮಾಡಿದ ಅಲಗು ನಿಲ್ಲುವುದಿಲ್ಲ. ಅದಕ್ಕೇ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿ ಹುಡುಕುತ್ತಾರೆ. ನೂರು ಪಾಲಿನಲ್ಲಿ ಅರ್ಧ ಪಾಲಿಗೂ ತುಸು ಹೆಚ್ಚು ಇಂಗಾಲ ಅದರಲ್ಲಿರುತ್ತದೆ, ಹದ ಹಿಡಿಯಲು ಅಷ್ಟು ಸಾಕು. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಮೆದು ಕಬ್ಬಿಣದ ಬಾಯಿ ಸೀಳಿ, ನಡುವೆ ಉಕ್ಕಿನ ತುಂಡಿಟ್ಟು, ಬಿಳಿಗಾವಿನಲ್ಲಿ ಬಡಿದು ಬೆಸೆಯುತ್ತಿದ್ದರು.

ತಿದಿ ಒತ್ತುವ ಬದಲು ಈಗ ಬ್ಲೋವರ್ ತಿರುಗುತ್ತದೆ. ಬೆಂಕಿಯ ಲೆಕ್ಕ ಮಾತ್ರ ಬದಲಾಗಿಲ್ಲ. ಇದ್ದಲ ನಡುವೆ ಕಾದು ಕಿತ್ತಳೆ ಬಣ್ಣಕ್ಕೆ ಬಂದ ಉಕ್ಕನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲ ಮೇಲಿಟ್ಟು ಬಡಿಯಬೇಕು. ಕೆಂಪು ಮಂಕಾಗುತ್ತಲೇ ಸುತ್ತಿಗೆ ನಿಲ್ಲಬೇಕು, ಇಲ್ಲದಿದ್ದರೆ ಒಳಗೇ ಬಿರುಕು ಬಿಡುತ್ತದೆ. ಕುಲುಮೆಯನ್ನು ಮಾಡಿನ ಕೆಳಗೆ, ಮಬ್ಬು ಬೆಳಕಿನಲ್ಲಿ ಕಟ್ಟುವುದು ನೆರಳಿನ ಸುಖಕ್ಕಲ್ಲ. ಬಿಸಿಲಿನಲ್ಲಿ ಉಕ್ಕಿನ ಬಣ್ಣ ಕಣ್ಣಿಗೆ ಸುಳ್ಳು ಹೇಳುತ್ತದೆ.

ಬಡಿಯುವುದನ್ನು ಯಾರಾದರೂ ಕಲಿತಾರು. ಕಸುಬಿರುವುದು ಹದ ಹಾಕುವುದರಲ್ಲಿ. ಉಳಿಯ ತುದಿಯ ಎರಡು ಮೂರು ಅಂಗುಲವನ್ನಷ್ಟೇ ಚೆರಿ ಹಣ್ಣಿನ ಕೆಂಪಿಗೆ ಕಾಸುತ್ತಾರೆ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ ದಾಟಿದ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಕಣ್ಣನ್ನು ನಂಬದ ಹೊಸಬರಿಗೆ ಇದೊಂದು ಪರೀಕ್ಷೆ. ಆಗ ಮೊನೆಯ ಒಂದು ಅಂಗುಲವನ್ನು ನೀರಿಗೆ ಅದ್ದುತ್ತಾರೆ. ಬಿಸಿಯಲ್ಲಿ ಕಬ್ಬಿಣದೊಳಗೆ ಕರಗಿದ್ದ ಇಂಗಾಲಕ್ಕೆ ಹೊರಬೀಳಲು ಹೊತ್ತು ಸಿಗದೆ ಅಲ್ಲೇ ಸಿಕ್ಕಿಬೀಳುತ್ತದೆ. ಮೊನೆ ಗಡುಸಾಗುತ್ತದೆ, ಆದರೆ ಗಾಜಿನ ಹಾಗೆ. ಹಾಗೇ ಬಿಟ್ಟರೆ ಮೊದಲ ಏಟಿಗೇ ಚಕ್ಕೆ ಏಳುತ್ತದೆ.

ಆದ್ದರಿಂದ ನೀರಿನಿಂದ ತೆಗೆದೊಡನೆ ಮೊನೆಯನ್ನು ಮರಳುಗಲ್ಲಿಗೆ ಉಜ್ಜಿ, ಕಪ್ಪು ಪೊರೆ ತೆಗೆದು ಹೊಳಪು ಬರಿಸುತ್ತಾರೆ. ಹಿಂದಿನ ಭಾಗ ಇನ್ನೂ ಬಿಸಿ. ಆ ಶಾಖ ಮೆಲ್ಲಗೆ ಮೊನೆಯತ್ತ ಹರಿಯುತ್ತದೆ, ಜೊತೆಗೇ ಬಣ್ಣಗಳೂ ಸಾಲಾಗಿ ಹೊರಡುತ್ತವೆ: ಮೊದಲು ಒಣಹುಲ್ಲಿನ ಹಳದಿ, ಅದರ ಬೆನ್ನಿಗೆ ಕಂದು, ನೇರಳೆ, ಕೊನೆಗೆ ನೀಲಿ. ಹಳದಿಯೆಂದರೆ ಸುಮಾರು 230 ಡಿಗ್ರಿ, ನೀಲಿಯೆಂದರೆ 300ರ ಆಸುಪಾಸು. ಕಲ್ಲುಳಿಯಾದರೆ ಹಳದಿಯೋ ಕಂದೋ ಮೊನೆ ಮುಟ್ಟಿದ ಗಳಿಗೆಯಲ್ಲೇ ಮತ್ತೆ ನೀರಿಗೆ. ಕೆಲವೇ ಕ್ಷಣ ತಡವಾದರೂ ಬಣ್ಣ ಕೈತಪ್ಪಿತು, ಪುನಃ ಮೊದಲಿನಿಂದ ಕಾಸಬೇಕು. ಸುತ್ತಿಗೆಯ ಏಟು ಬೀಳುವ ತಲೆಗೆ ಹದ ಹಾಕುವುದೇ ಇಲ್ಲ. ತಲೆ ಗಡುಸಾದರೆ ಸಿಡಿದ ಚೂರು ಕಣ್ಣಿಗೇ ಬರುತ್ತದೆ.

ಅರಸೀಕೆರೆ ಕಡೆ ಬಂದರೆ ಕುಲುಮೆಯ ಗಿರಾಕಿ ಬೇರೆ. ಅದು ತೆಂಗಿನ ಸೀಮೆ. ಗರಿ ಕಡಿಯುವ, ಎಳನೀರು ಕೆತ್ತುವ ಮಚ್ಚು ಬೇಕು. ಕಲ್ಲುಳಿಯಷ್ಟು ಗಡುಸಾದ ಮಚ್ಚು ಗರಿಯ ದಿಂಡಿಗೆ ಬಿದ್ದರೆ ಬಾಯಿ ಮುರಿಯುತ್ತದೆ. ಅದಕ್ಕೆ ನೇರಳೆ ದಾಟಿ ನೀಲಿಯವರೆಗೂ ಬಿಡುತ್ತಾರೆ, ಬಾಗಿದರೂ ಮುರಿಯಬಾರದು. ಬೆನ್ನು ಇನ್ನೂ ಮೆದುವಾಗಿದ್ದರೆ ಒಳ್ಳೆಯದು.

ಇತ್ತೀಚೆಗೆ ಕಾರ್ಬೈಡ್ ಮೊನೆಯ ಉಳಿ ಅಂಗಡಿಯಲ್ಲೇ ಸಿಗುತ್ತದೆ. ಶಿಲ್ಪಿ ಕುಲುಮೆಗೆ ಹೋಗುವುದು ಅಷ್ಟರಮಟ್ಟಿಗೆ ತಗ್ಗಿದೆ. ಮಚ್ಚಿಗೆ ಆ ಅನುಕೂಲವಿಲ್ಲ.

ಕೊಳ್ಳುವಾಗ ಮಚ್ಚಿನ ಬಾಯಿಗೆ ಅರ ಹಾಕಿ ನೋಡಿ. ಬೆಣ್ಣೆಯಂತೆ ತಿಂದರೆ ಹದವಿಲ್ಲ, ಪೂರಾ ಜಾರಿದರೆ ಹದ ಹೆಚ್ಚಾಗಿದೆ. ತುಸು ಹಟ ಮಾಡಿ ಕಚ್ಚಬೇಕು. ಹರಿತ ಮಾಡಲು ಗ್ರೈಂಡರಿಗೆ ಒತ್ತಿಹಿಡಿದು ಬಾಯಿ ನೀಲಿಯಿಂದ ಬೂದಿಬಣ್ಣಕ್ಕೆ ತಿರುಗಿದರೆ ಅಷ್ಟು ಭಾಗದ ಹದ ಹೋಯಿತೆಂದೇ ಲೆಕ್ಕ, ಮತ್ತೆ ಮಸೆದು ಫಲವಿಲ್ಲ. ಕುಲುಮೆಗೆ ಒಯ್ದು ಕಾಸಿ, ಹೊಸದಾಗಿ ನೀರು ಹಾಕಿಸಬೇಕು. ಮರದ ಹಿಡಿಯನ್ನು ಮನೆಯಲ್ಲೇ ಕಳಚಿಟ್ಟು ಹೋಗಿ.