ಮಳೆನೀರೆತ್ತುವ ಪಂಪಿಗೆ ಬ್ಯಾಟರಿಯ ಆಸರೆ

ಮಂಡ್ಯ ಜಿಲ್ಲೆಗೂ ವಿದ್ಯುತ್ತಿಗೂ ಇರುವ ನಂಟು ಹಳೆಯದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ಪಡೆದ ವಿದ್ಯುಚ್ಛಕ್ತಿಯು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ನೀರಿನಿಂದ ಹುಟ್ಟಿದ ಶಕ್ತಿಯು ಅಂದಿನಿಂದ ನೀರನ್ನೇ ಎತ್ತುವ ಕಾರ್ಯಕ್ಕೂ ಒದಗುತ್ತ ಬಂದಿದೆ. ಆದರೆ ನೀರು ಮುನಿದರೆ ಯಂತ್ರವೂ ಮೂಕವಾಗುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಅತಿವೃಷ್ಟಿಯಿಂದಾಗಿ ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯ ನೀರೆತ್ತುವ ಕೇಂದ್ರವು ಜಲಾವೃತವಾಗಿ, ಬೆಂಗಳೂರಿಗೆ ಹೋಗುವ ಕಾವೇರಿ ನೀರು ನಿಂತುಹೋದುದನ್ನು ಜನ ಮರೆತಿಲ್ಲ.

ಮಹಾಕೇಂದ್ರದ ಪಾಠವು ದುದ್ದದಂತಹ ಊರಿನ ಸಾಮಾನ್ಯ ಮನೆಗೂ ಸಲ್ಲುತ್ತದೆ. ರಸ್ತೆ ಎತ್ತರವಾದಂತೆಲ್ಲ ಹಳೆಯ ಮನೆಯ ಅಂಗಳ ತಗ್ಗಾಗುತ್ತದೆ. ಗುಂಡಿಯೊಂದರಲ್ಲಿ ಮಳೆನೀರು ಕೂಡಿಸಿ ಪಂಪಿನಿಂದ ಹೊರಹಾಕುವುದೊಂದೇ ಆಗ ಉಳಿಯುವ ಉಪಾಯ. ಬಿರುಗಾಳಿಗೆ ಮರ ಉರುಳಿ ತಂತಿ ಕಡಿಯುವುದೂ ಜಡಿಮಳೆ ಸುರಿಯುವುದೂ ಬಹುಮಟ್ಟಿಗೆ ಏಕಕಾಲದಲ್ಲಿ. ಪಂಪು ಬೇಕಾದ ಗಳಿಗೆಯಲ್ಲಿಯೇ ವಿದ್ಯುತ್ತು ಇರದೆ, ರಾಗಿಯ ಮೂಟೆ, ಮಕ್ಕಳ ಪುಸ್ತಕ ಎಲ್ಲವೂ ನೀರುಪಾಲಾಗುತ್ತವೆ.

ಇದಕ್ಕೆ ಬ್ಯಾಟರಿ ಮತ್ತು ಇನ್ವರ್ಟರುಗಳೇ ಆಸರೆ. ಬ್ಯಾಟರಿಯ ಏಕಮುಖ ಪ್ರವಾಹವನ್ನು ಇನ್ವರ್ಟರು ಪರ್ಯಾಯ ಪ್ರವಾಹವಾಗಿ ಮಾರ್ಪಡಿಸಿ ಪಂಪಿಗೆ ಒದಗಿಸುತ್ತದೆ.

ಮೊದಲು ಲೆಕ್ಕ ನೋಡೋಣ. ನೂರು ಚದರ ಮೀಟರು ಮಾಳಿಗೆಯ ಮೇಲೆ 50 ಮಿಲಿಮೀಟರು ಮಳೆ ಬಿದ್ದರೆ 5,000 ಲೀಟರು ನೀರಾಯಿತು. ನಿಮಿಷಕ್ಕೆ ನೂರು ಲೀಟರು ಎತ್ತುವ ಪಂಪಿಗೆ ಇದು 50 ನಿಮಿಷಗಳ ಕೆಲಸ. ಅರ್ಧ ಅಶ್ವಶಕ್ತಿಯ ಪಂಪು ಸುಮಾರು 600 ವ್ಯಾಟು ಬೇಡುತ್ತದೆಂದು ಹಿಡಿಯೋಣ. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆಯ ಶಕ್ತಿಯಿರುತ್ತದೆ. ಸೀಸ-ಆಮ್ಲದ ಬ್ಯಾಟರಿ ಬಾಳಬೇಕಾದರೆ ಅರ್ಧವನ್ನಷ್ಟೇ ಬಳಸಬೇಕು. ಮಾರ್ಪಾಡಿನ ನಷ್ಟವನ್ನೂ ಕಳೆದರೆ ದೊರೆಯುವುದು ಸುಮಾರು ಒಂದು ಗಂಟೆಯ ಓಟ. ಅಂಗಳದ ನೀರೂ ಗುಂಡಿಗೆ ಸೇರುವುದಾದರೆ ಬ್ಯಾಟರಿಗಳು ಎರಡಾಗಬೇಕು.

ಪಂಪು ಹೊರಡುವ ಕ್ಷಣದಲ್ಲಿ ವಾಡಿಕೆಯ ಹಲವು ಪಟ್ಟು ಪ್ರವಾಹವನ್ನು ಸೆಳೆಯುವುದರಿಂದ, ದೀಪಕ್ಕೂ ಫ್ಯಾನಿಗೂ ಸಾಲುವ ಇನ್ವರ್ಟರು ಇಲ್ಲಿ ಸೋಲುತ್ತದೆ. ಆ ಆರಂಭದ ಹೊರೆಯನ್ನು ತಾಳುವ ಸೈನ್‌ವೇವ್ ಇನ್ವರ್ಟರನ್ನೇ ಆರಿಸತಕ್ಕದ್ದು. ಬ್ಯಾಟರಿಯ ತಂತಿಗಳು ದಪ್ಪವಾಗಿಯೂ ಗಿಡ್ಡವಾಗಿಯೂ ಇರಬೇಕು. ನಡುವೆ ಫ್ಯೂಜು ಬೇಕು. ಗುಂಡಿಯಲ್ಲಿ ತೇಲುಗುಂಡಿನ ಸ್ವಿಚ್ಚು ಇದ್ದರೆ ನೀರು ಏರಿದಾಗ ಮಾತ್ರ ಪಂಪು ಓಡಿ ಶಕ್ತಿ ಉಳಿಯುತ್ತದೆ. ಎತ್ತಿದ ನೀರು ಹಿಂದಿರುಗದಂತೆ ಕೊಳವೆಗೆ ತಡೆಕವಾಟವನ್ನೂ ಅಳವಡಿಸಬೇಕು.

ಬ್ಯಾಟರಿ, ಇನ್ವರ್ಟರುಗಳನ್ನು ನೆರೆ ಮುಟ್ಟದ ಎತ್ತರದಲ್ಲಿ, ಗಾಳಿಯಾಡುವೆಡೆಯಲ್ಲಿ ಇಡಬೇಕು. ಚಾರ್ಜಾಗುವಾಗ ಹೊರಡುವ ಜಲಜನಕವು ಬೆಂಕಿಗೆ ತವರು. ಭೂಸಂಪರ್ಕ ಮತ್ತು ಸೋರಿಕೆತಡೆ ಸ್ವಿಚ್ಚುಗಳಿಲ್ಲದ ಪಂಪು ಪ್ರಾಣಕ್ಕೇ ಎರವಾದೀತು. ವಿದ್ಯುತ್ತು ಹರಿಯುತ್ತಿರುವಾಗ ನಿಂತ ನೀರಿಗೆ ಯಾರೂ ಇಳಿಯಕೂಡದು. ಈ ಜೋಡಣೆಯನ್ನು ಬಲ್ಲ ಕೆಲಸಗಾರನಿಂದಲೇ ಮಾಡಿಸುವುದು ಲೇಸು.

ತಿಂಗಳಿಗೊಮ್ಮೆ ಮುಖ್ಯ ಸ್ವಿಚ್ಚನ್ನು ಆರಿಸಿ, ಗುಂಡಿಗೆ ನಾಲ್ಕು ಕೊಡ ನೀರು ಸುರಿದು ಪಂಪು ಓಡುವುದೋ ಎಂದು ಪರೀಕ್ಷಿಸಬೇಕು. ಬಟ್ಟಿಯಿಳಿಸಿದ ನೀರನ್ನು ಬ್ಯಾಟರಿಗೆ ಅಳತೆಯಂತೆ ತುಂಬಬೇಕು. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಫಲವೇನು? ಮುಂಗಾರಿನ ಮೊದಲ ಗುಡುಗಿಗೆ ಮುನ್ನವೇ ಸಿದ್ಧನಾದ ಗೃಹಸ್ಥನು ಕತ್ತಲೆಯ ಮಳೆರಾತ್ರಿಯಲ್ಲಿಯೂ ನಿಶ್ಚಿಂತೆಯಿಂದ ನಿದ್ರಿಸಬಲ್ಲನು.